ಅರವತ್ತು ಹಾಡು, ಎರಡು ಬುಟ್ಟಿ: 2005ರಲ್ಲಿ ಶಕೀರಾ ಮಾಡಿದ ವಿಂಗಡಣೆ

2005ರಲ್ಲಿ ಕೊಲಂಬಿಯಾದ ಗಾಯಕಿ ಶಕೀರಾ ಒಂದೇ ವರ್ಷದಲ್ಲಿ ಎರಡು ಆಲ್ಬಮ್ ಬಿಟ್ಟರು. ಜೂನ್‌ನಲ್ಲಿ ಸ್ಪ್ಯಾನಿಷ್‌ನದು, ನವೆಂಬರ್‌ನಲ್ಲಿ ಇಂಗ್ಲಿಷ್‌ನದು. ಮೊದಲನೆಯದು ‘ಫಿಹಾಸಿಯೋನ್ ಓರಾಲ್’ ಸಂಪುಟ 1, ಎರಡನೆಯದು ‘ಓರಲ್ ಫಿಕ್ಸೇಷನ್’ ಸಂಪುಟ 2. ಎರಡರ ಅರ್ಥವೂ ಒಂದೇ, ಬಾಯಿಯ ಗೀಳು. ಇಷ್ಟು ಕೇಳಿದ ಕೂಡಲೇ ಅವೇ ಹಾಡುಗಳ ಅನುವಾದ ಇರಬೇಕು ಅನಿಸುತ್ತದೆ. ನಮಗಂತೂ ಇನ್ನೂ ಬೇಗ ಅನಿಸುತ್ತದೆ. ಒಂದೇ ಟ್ಯೂನು, ಐದು ಭಾಷೆ, ಒಂದೇ ದಿನ ಐದು ಲಿರಿಕಲ್ ವಿಡಿಯೊ. ಪ್ಯಾನ್ ಇಂಡಿಯಾ ಸಿನಿಮಾಗಳಿಂದ ಇದು ಅಭ್ಯಾಸ ಆಗಿಹೋಗಿದೆ, ಅಲ್ವಾ?

ಶಕೀರಾ ಹಾಗೆ ಮಾಡಲಿಲ್ಲ. ಮೊದಲ ಸಂಪುಟದಲ್ಲಿ 10 ಹಾಡು (ಅದರಲ್ಲೇ ಎರಡು ಹಾಡುಗಳ ಇನ್ನೊಂದು ರೂಪವನ್ನು ಕೊನೆಗೆ ಸೇರಿಸಿದ್ದಾರೆ), ಎರಡನೆಯದರಲ್ಲಿ 11. ಎರಡೂ ಕಡೆ ಸಿಗುವ ಟ್ಯೂನು ಎರಡೇ ಎರಡು. ಉಳಿದದ್ದೆಲ್ಲ ಬೇರೆ ಬೇರೆ ಹಾಡುಗಳು.

ಯಾವ ಹಾಡು ಯಾವ ಭಾಷೆಗೆ ಅಂತ ಆಕೆ ತೀರ್ಮಾನ ಮಾಡಿದ್ದು ಹೇಗೆ, ಆ ತೀರ್ಮಾನ ಏನಾಯಿತು ಅನ್ನೋದೇ ಈ ಪ್ರಕರಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಗೀತದ ಮಟ್ಟಿಗೆ ವಿಂಗಡಣೆ ಸರಿಯಾಗಿತ್ತು. ವ್ಯಾಪಾರದಲ್ಲಿ ಅದು ಅರ್ಧ ಕೈಕೊಟ್ಟಿತು. ಕೊನೆಗೆ ಮಾನ ಉಳಿಸಿದ್ದು ಎರಡೂ ಬುಟ್ಟಿಗೆ ಸೇರದ ಒಂದು ಹಾಡು.

ಅದಕ್ಕೂ ಮೊದಲು

ಶಕೀರಾ ಹುಟ್ಟಿದ್ದು 1977ರಲ್ಲಿ, ಕೊಲಂಬಿಯಾದ ಬರಾಂಕಿಯಾದಲ್ಲಿ. ಕೆರಿಬಿಯನ್ ಸಮುದ್ರದ ಕಡೆಯ ಬಂದರು ಊರು ಅದು. ಅಪ್ಪನ ಕಡೆಯವರು ಲೆಬನಾನ್ ಮೂಲದವರು. ಹಾಗಾಗಿ ಮನೆಯೊಳಗೆ ಅರಬ್ಬಿ ಸಂಗೀತ, ಬೀದಿಯಲ್ಲಿ ಕೊಲಂಬಿಯಾದ್ದೇ ಕುಣಿತದ ಸಂಗೀತ ಕುಂಬಿಯಾ, ರೇಡಿಯೊದಲ್ಲಿ ಇಂಗ್ಲಿಷ್ ರಾಕ್. 1991ರಲ್ಲಿ, 14ನೇ ವಯಸ್ಸಿನಲ್ಲಿ ಮೊದಲ ಆಲ್ಬಮ್ ಬಂತು. ಅದೂ ಓಡಲಿಲ್ಲ, ಅದರ ಮುಂದಿನದೂ ಓಡಲಿಲ್ಲ. 1995ರಲ್ಲಿ ಬಂದ ಮೂರನೆಯದು ಲ್ಯಾಟಿನ್ ಅಮೆರಿಕದ ಉದ್ದಗಲಕ್ಕೂ ಓಡಿತು.

ಅದಾದ ಮೇಲೆ ಆಕೆ ಬ್ರೆಜಿಲ್‌ಗಾಗಿ ಕೆಲವು ಹಾಡುಗಳನ್ನು ಪೋರ್ಚುಗೀಸ್‌ನಲ್ಲಿ ಮತ್ತೆ ಹಾಡಿದರು. ಸ್ಪ್ಯಾನಿಷ್‌ನಿಂದ ಪೋರ್ಚುಗೀಸ್‌ಗೆ ಹೋಗೋದು ಕನ್ನಡದಿಂದ ತೆಲುಗಿಗೆ ಹೋದ ಹಾಗೆ. ಪದ ಬೇರೆಯಾದರೂ ಉಸಿರು ಬಿಡುವ ಜಾಗ ಹೆಚ್ಚುಕಡಿಮೆ ಒಂದೇ. ‘ಎಸ್ತೊಯ್ ಆಕಿ’ ಅನ್ನೋದು ‘ಎಸ್ತೋ ಅಕಿ’ ಆಗುತ್ತದೆ, ಅಷ್ಟೇ. ಇಂಗ್ಲಿಷ್‌ ಅಷ್ಟು ಸಲೀಸಾದ ನೆರೆಮನೆ ಆಗಿರಲಿಲ್ಲ.

1998ರ ಆಲ್ಬಮ್‌ನ ಹೆಸರಿಗೆ ‘ಕಳ್ಳರೆಲ್ಲಿದ್ದಾರೆ?’ ಅಂತ ಅರ್ಥ. ಬೊಗೊಟಾ ವಿಮಾನ ನಿಲ್ದಾಣದಲ್ಲಿ ಆಕೆಯ ಸೂಟ್‌ಕೇಸ್ ಕಳುವಾಯಿತು. ಬರೆದಿಟ್ಟಿದ್ದ ಹಾಡುಗಳೆಲ್ಲ ಅದರೊಳಗೇ ಇದ್ದವು. ಹೊಸದಾಗಿ ಬರೆದು, ಅದೇ ಸಿಟ್ಟನ್ನು ಆಲ್ಬಮ್‌ಗೆ ಹೆಸರಾಗಿ ಇಟ್ಟರು. ಅದರ ಹಿಂದೆ ನಿಂತಿದ್ದು ಮಯಾಮಿಯ ಸಂಗೀತ ನಿರ್ಮಾಪಕ ಎಮಿಲಿಯೊ ಎಸ್ತೆಫಾನ್. ಅವರ ಹೆಂಡತಿ ಗ್ಲೋರಿಯಾ ಎಸ್ತೆಫಾನ್ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಹಾಡಿ ಗೆದ್ದವರು. ನೀನೂ ಇಂಗ್ಲಿಷ್‌ನಲ್ಲಿ ಹಾಡು ಅಂತ ಶಕೀರಾಗೆ ಹೇಳಿದ್ದು ಇವರೇ. ಶಕೀರಾಗೆ ಧೈರ್ಯ ಬರಲಿಲ್ಲ. ಆಗ ಗ್ಲೋರಿಯಾ ‘ಓಹೋಸ್ ಆಸಿ’ ಹಾಡನ್ನು ತಾವೇ ಇಂಗ್ಲಿಷ್ ಮಾಡಿ ತೋರಿಸಿದರು. ಅದು ಅರಬ್ಬಿ ಸಾಲುಗಳೂ ಇರುವ ಸ್ಪ್ಯಾನಿಷ್ ಹಾಡು. ಇಂಗ್ಲಿಷ್ ಮಾಡಿದ ಮೇಲೂ ಅರಬ್ಬಿ ಸಾಲುಗಳು ಹಾಗೇ ಉಳಿದವು.

ಆಮೇಲೆ ಶಕೀರಾ ಹಿಡಿದ ದಾರಿ ಹಠಮಾರಿಯದು. ಬೇರೆಯವರು ಬರೆದ ಇಂಗ್ಲಿಷ್ ಸಾಲುಗಳನ್ನು ಬಾಯಿಪಾಠ ಮಾಡಿ ಹಾಡಬಹುದಿತ್ತು. ತುಂಬ ಜನ ಮಾಡೋದು ಅದನ್ನೇ. ನಮ್ಮಲ್ಲೂ ಕನ್ನಡ ಬಾರದ ಗಾಯಕರು ದೇವನಾಗರಿಯಲ್ಲಿ ಬರೆದುಕೊಂಡು ಹಾಡಿಲ್ವಾ? ಆಕೆ ಮಾತ್ರ ತಾನೇ ಬರೆಯುತ್ತೇನೆ ಅಂತ ಕೂತರು. ಪಾಠ ಹೇಳಿಕೊಡುವವರನ್ನು ಇಟ್ಟುಕೊಂಡರು. ಲೆನಾರ್ಡ್ ಕೊಹೆನ್, ವಾಲ್ಟ್ ವಿಟ್ಮನ್ ಓದಿದರು. ಪಕ್ಕದಲ್ಲಿ ಪ್ರಾಸದ ನಿಘಂಟು ಇಟ್ಟುಕೊಂಡರು. ಉರುಗ್ವೆಯ ಹಳ್ಳಿಗಾಡಿನಲ್ಲಿ ಕೂತು ಬರೆದರು. 2001ರ ನವೆಂಬರ್‌ನಲ್ಲಿ ‘ಲಾಂಡ್ರಿ ಸರ್ವಿಸ್’ ಬಂತು. 13 ಹಾಡಿನ ಆಲ್ಬಮ್. 9 ಇಂಗ್ಲಿಷ್, 4 ಸ್ಪ್ಯಾನಿಷ್. ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಮೊದಲ ವಾರವೇ 3ನೇ ಸ್ಥಾನ, ಮೊದಲ ವಾರದ ಮಾರಾಟ 2 ಲಕ್ಷಕ್ಕೂ ಮೇಲೆ.

ಅದರಿಂದ ಮೊದಲು ಬಿಟ್ಟ ಹಾಡು ‘ವೆನೆವರ್, ವೇರೆವರ್’ ಅಮೆರಿಕದ ಹಾಡುಗಳ ಪಟ್ಟಿ ಹಾಟ್ 100ರಲ್ಲಿ 6ರವರೆಗೆ ಹೋಯಿತು. ಅದರ ಸ್ಪ್ಯಾನಿಷ್ ರೂಪ ‘ಸುಯೆರ್ತೆ’ ಲ್ಯಾಟಿನ್ ಪಟ್ಟಿಯಲ್ಲಿ 1ಕ್ಕೆ ಬಂತು. ಇಲ್ಲೇ ಒಂದು ವಿಷಯ ಗಮನಿಸಬೇಕು. ಇಂಗ್ಲಿಷ್ ಹೆಸರಿನ ಅರ್ಥ ‘ಯಾವಾಗಾದರೂ, ಎಲ್ಲಾದರೂ’. ಸ್ಪ್ಯಾನಿಷ್ ಹೆಸರಿನ ಅರ್ಥ ‘ಅದೃಷ್ಟ’. ಟ್ಯೂನು ಒಂದೇ ಆದರೂ ಒಂದು ಹೆಸರು ಇನ್ನೊಂದರ ಅನುವಾದ ಅಲ್ಲವೇ ಅಲ್ಲ. ತನ್ನ ಎದೆ ಚಿಕ್ಕದು, ಬೆಟ್ಟ ಅಂತ ನೀನು ತಪ್ಪು ತಿಳಿಯಲ್ಲ, ಸದ್ಯ ಅದೊಂದು ಪುಣ್ಯ ಅನ್ನುವ ಸಾಲು ಎರಡರಲ್ಲೂ ಇದೆ. ಸ್ಪ್ಯಾನಿಷ್‌ನಲ್ಲಿ ಅದು ಸೊಗಸಾದ ತುಂಟ ಮಾತು. ಇಂಗ್ಲಿಷ್‌ನಲ್ಲಿ ಎಷ್ಟೋ ವಿಮರ್ಶಕರಿಗೆ ನಗೆಪಾಟಲು. ಮಾತು ಒಂದೇ, ಕಿವಿ ಬೇರೆ.

ಹಳೆಯ ಅಭಿಮಾನಿಗಳದು ಬೇರೆ ದೂರು. ಕಪ್ಪು ಕೂದಲ, ಗಿಟಾರ್ ಹಿಡಿದ ಹುಡುಗಿ ಹೊಂಬಣ್ಣದ ಕೂದಲಾಗಿ ಅಮೆರಿಕಕ್ಕೆ ಹೊರಟುಹೋದಳು ಅಂತ. ಪೂರ್ತಿ ಸ್ಪ್ಯಾನಿಷ್‌ನ ಸ್ಟುಡಿಯೊ ಆಲ್ಬಮ್ 1998ರ ನಂತರ ಬಂದೇ ಇರಲಿಲ್ಲ. 2005ಕ್ಕೆ ಏಳು ವರ್ಷ ಆಗಿತ್ತು.

ಬುಟ್ಟಿಗೆ ಹಾಕುವ ಕೆಲಸ

ಹೊಸ ಆಲ್ಬಮ್‌ಗೆ ಅಂತ ಬರೆದ ಹಾಡುಗಳು ಸುಮಾರು 60 ಆಗಿದ್ದವು. ಅದರಲ್ಲಿ ಆಕೆಗೆ ಬಿಡಲಾರೆ ಅನಿಸಿದವು ಸುಮಾರು 20. ಕೆಲವು ಸ್ಪ್ಯಾನಿಷ್‌ನಲ್ಲಿ ಬಂದಿದ್ದವು, ಕೆಲವು ಇಂಗ್ಲಿಷ್‌ನಲ್ಲಿ.

ಇಂಥ ಹೊತ್ತಲ್ಲಿ ಯಾವುದೇ ಕಂಪನಿ ಹೇಳುವ ಸುಲಭದ ಉಪಾಯ ಒಂದಿದೆ. 10 ಹಾಡು ಆರಿಸು, ಎರಡು ಭಾಷೆಯಲ್ಲೂ ಹಾಡು, ಎರಡು ಸಿ.ಡಿ. ಮಾಡು. ವಾದ್ಯ ನುಡಿಸಿದ ಖರ್ಚು ಒಂದೇ ಸಲ, ಸರಕು ಎರಡು. ಮತ್ತೊಂದು ಉಪಾಯ 2001ರಂತೆ ಒಂದೇ ತಟ್ಟೆಯಲ್ಲಿ ಎರಡನ್ನೂ ಬಡಿಸೋದು. ಇದು ನಮ್ಮಲ್ಲೂ ನಡೆದದ್ದೇ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಕನ್ನಡ ಪದ ಮತ್ತು ಹಿಂದಿ ಹಾಡು ಅಕ್ಕಪಕ್ಕ ಕೂತಿವೆ. ಕೇಳುಗನಿಗೆ ಒಂದು ಅರ್ಥವಾಗದಿದ್ದರೂ ಇನ್ನೊಂದಕ್ಕಾಗಿ ಕಾಯುತ್ತಾನೆ.

ಶಕೀರಾ ಎರಡನ್ನೂ ಬಿಟ್ಟರು. ಯಾವ ಹಾಡು ಯಾವ ಭಾಷೆಯಲ್ಲಿ ಹುಟ್ಟಿತೋ ಅದೇ ಬುಟ್ಟಿಗೆ. ಎರಡು ಆಲ್ಬಮ್, ಆರು ತಿಂಗಳ ಅಂತರ, ಸ್ಪ್ಯಾನಿಷ್ ಮೊದಲು. ರಿಕ್ ರೂಬಿನ್ ಈ ಯೋಜನೆಗೆ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್. ಜಾನಿ ಕ್ಯಾಶ್ ಅವರ ಕೊನೆಯ ಕಾಲದ ಆಲ್ಬಮ್‌ಗಳನ್ನು ಮಾಡಿದವರು, ಜಾಸ್ತಿ ಇದ್ದದ್ದನ್ನು ಕತ್ತರಿಸಿ ಬಿಸಾಡೋದರಲ್ಲಿ ಹೆಸರಾದವರು.

ಹಾಡು ಒಂದು ಭಾಷೆಯಲ್ಲಿ ಹುಟ್ಟುತ್ತದೆ ಅಂದರೆ ಏನು? ಇದು ಸುಮ್ನೆ ಭಾವುಕ ಮಾತು ಅಂತ ಕೆಲವರು ತಳ್ಳಿಹಾಕುತ್ತಾರೆ. ನನಗೆ ಹಾಗನಿಸಲ್ಲ. ನಮ್ಮ ಸಿನಿಮಾ ಹಾಡು ಬರೆಯುವವರನ್ನು ಕೇಳಿ ನೋಡಿ. ಸಂಗೀತ ನಿರ್ದೇಶಕರು ಟ್ಯೂನನ್ನು ಡಮ್ಮಿ ಪದಗಳಲ್ಲಿ ಹಾಡಿ ಕಳಿಸುತ್ತಾರೆ. ಆ ಡಮ್ಮಿಯಲ್ಲಿ ಅರ್ಥ ಇರಲ್ಲ, ಆದರೆ ಸ್ವರ ಇರುತ್ತದೆ. ಎಲ್ಲಿ ‘ಆ’ ಬೇಕು, ಎಲ್ಲಿ ‘ಈ’ ಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅನ್ನೋದು ಆಗಲೇ ತೀರ್ಮಾನ ಆಗಿರುತ್ತದೆ. ಬರೆಯುವವರು ಎಷ್ಟು ಚೆಂದದ ಸಾಲು ತಂದರೂ ‘ಮೀಟರ್‌ಗೆ ಕೂರ್ತಿಲ್ಲ’ ಅಂತ ವಾಪಸ್ ಬರೋದು ಇದಕ್ಕೇ.

ಸ್ಪ್ಯಾನಿಷ್ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ವಿದಾ, ನೋಚೆ, ತೋರ್ತುರಾ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಬಸ್ ಅನ್ನೋದನ್ನೂ ಬಸ್ಸು ಮಾಡಿಕೊಂಡೇ ಬಾಯಿಗೆ ಹಾಕಿಕೊಳ್ಳೋದು. ಕೊನೆಯ ಸ್ವರವನ್ನು ಗಾಯಕಿ ಎಷ್ಟು ಬೇಕಾದರೂ ಎಳೆಯಬಹುದು, ನಡುಗಿಸಬಹುದು. ಶಕೀರಾ ದನಿಯ ಗುರುತೇ ಆ ನಡುಕ. ಇಂಗ್ಲಿಷ್‌ನ ಚಿಕ್ಕ ಪದಗಳು ಎಷ್ಟೋ ಸಲ ಟಕ್ ಅಂತ ಬಾಗಿಲು ಹಾಕಿಕೊಳ್ಳುತ್ತವೆ. ಅದರಿಂದ ಲಾಭವೂ ಇದೆ. ‘ಹಾರ್ಟ್’ ಒಂದೇ ಪೆಟ್ಟಿಗೆ ಮುಗಿಯುತ್ತದೆ. ಸ್ಪ್ಯಾನಿಷ್‌ನ ‘ಕೊರಾಸೋನ್’ಗೆ ಮೂರು ಪೆಟ್ಟು ಬೇಕು, ನಮ್ಮ ‘ಹೃದಯ’ಕ್ಕೂ ಮೂರು. ಹಾಗಾಗಿ ಅದೇ ಟ್ಯೂನಿನೊಳಗೆ ಇಂಗ್ಲಿಷ್ ಜಾಸ್ತಿ ಮಾತು ತುಂಬಬಲ್ಲದು. ಪ್ರಾಸದ ವಿಷಯಕ್ಕೆ ಬಂದರೆ ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದಗಳ ಬಾಲವೇ ಪ್ರಾಸ ಕೊಡುತ್ತದೆ, ನಮ್ಮ ‘ಬಂದೆನು, ನಿಂದೆನು’ ತರಹ. ಇಂಗ್ಲಿಷ್‌ನಲ್ಲಿ ಹುಡುಕಬೇಕು. ನಿಘಂಟು ಬೇಕಾಗಿದ್ದು ಅದಕ್ಕೇ.

ಈಗ ಎರಡೂ ಕಡೆ ಹೋದ ಎರಡು ಹಾಡು ನೋಡೋಣ. ‘ದಿಯಾ ಎಸ್ಪೆಸಿಯಾಲ್’ ಇಂಗ್ಲಿಷ್‌ನಲ್ಲಿ ‘ದ ಡೇ ಆ್ಯಂಡ್ ದ ಟೈಮ್’ ಆಯಿತು. ಎರಡರಲ್ಲೂ ಅರ್ಜೆಂಟೀನಾದ ಗುಸ್ತಾವೊ ಸೆರಾತಿ ಇದ್ದಾರೆ. ‘ಸೋಡಾ ಸ್ಟೀರಿಯೊ’ ಬ್ಯಾಂಡಿನವರು, ಸ್ಪ್ಯಾನಿಷ್ ರಾಕ್‌ಗೆ ದೊಡ್ಡಣ್ಣನಂಥವರು. ಇನ್ನೊಂದು ‘ಎನ್ ತುಸ್ ಪುಪೀಲಾಸ್’, ಅಂದರೆ ‘ನಿನ್ನ ಕಣ್ಣಪಾಪೆಗಳಲ್ಲಿ’. ಇಂಗ್ಲಿಷ್‌ನಲ್ಲಿ ಅದರ ಹೆಸರು ‘ಸಮ್‌ಥಿಂಗ್’. ಕಣ್ಣಪಾಪೆ ಹೋಗಿ ‘ಏನೋ ಒಂದು’ ಬಂತು. ಇಂಗ್ಲಿಷ್‌ನ ಹಾಡು ಕೆಟ್ಟದ್ದೇನಲ್ಲ, ನನಗೆ ಇಷ್ಟವೇ. ಆದರೂ ಎರಡು ಹೆಸರನ್ನು ಅಕ್ಕಪಕ್ಕ ಇಟ್ಟರೆ ಏನು ಸೋರಿಹೋಯಿತು ಅಂತ ಗೊತ್ತಾಗುತ್ತದೆ. ಉಳಿದ ಹಾಡುಗಳನ್ನು ಆಕೆ ಮುಟ್ಟದೇ ಬಿಟ್ಟದ್ದು ಒಳ್ಳೆಯದೇ ಆಯಿತು.

ನಾಯಿಯೂ ಮೂಳೆಯೂ

ಮೊದಲ ಸಂಪುಟದಿಂದ ಮೊದಲು ಬಿಟ್ಟ ಹಾಡು ‘ಲಾ ತೋರ್ತುರಾ’ 2005ರ ಏಪ್ರಿಲ್‌ನಲ್ಲಿ ಬಂತು. ಜೊತೆಗೆ ಹಾಡಿದವರು ಸ್ಪೇನ್‌ನ ಅಲೆಹಾಂದ್ರೊ ಸಾನ್ಸ್. ಮೋಸ ಮಾಡಿದ ಗಂಡಸು ವಾಪಸ್ ಬಂದು ಕ್ಷಮಿಸು ಅನ್ನುತ್ತಾನೆ, ಹೆಂಗಸು ಅವನ ಒಂದೊಂದು ಮಾತನ್ನೂ ತಿರುಗಿಸಿ ಮುಖಕ್ಕೆ ಎಸೆಯುತ್ತಾಳೆ. ಸವಾಲ್ ಜವಾಬ್ ಅಂದುಕೊಳ್ಳಿ. ತಾಳದಲ್ಲಿ ಆಗ ಎಲ್ಲ ಕಡೆ ಎದ್ದು ನಿಂತಿದ್ದ ರೆಗ್ಗಟೋನ್ ಇದೆ, ಒಳಗೆ ಕೊಲಂಬಿಯಾದ ಕುಂಬಿಯಾ ಇದೆ.

ಅದರಲ್ಲಿ ಆಕೆ ಹೇಳುವ ಒಂದು ಮಾತು ಹೀಗಿದೆ: ಆ ಮೂಳೆ ತಗೊಂಡು ಬೇರೆ ನಾಯಿ ಹತ್ತಿರ ಹೋಗು. ಇದು ಸ್ಪ್ಯಾನಿಷ್ ಗಾದೆ. ನಿನ್ನ ಕಥೆ ನಂಬೋರು ಬೇರೆ ಯಾರಾದರೂ ಇದ್ದರೆ ಅವರಿಗೆ ಹೇಳು ಅಂತ ಅರ್ಥ. ಕನ್ನಡದ ಹೆಂಗಸಾಗಿದ್ದರೆ ‘ನನ್ನ ಕಿವಿ ಮೇಲೆ ಹೂ ಇಡಬೇಡ’ ಅಂದಿರುತ್ತಿದ್ದಳು. ಇನ್ನೊಂದು ಕಡೆ, ಮನುಷ್ಯ ಬರೀ ರೊಟ್ಟಿಯಿಂದ ಬದುಕಲಾರ ಅನ್ನುವ ಬೈಬಲ್ ಮಾತಿಗೆ ಬಾಲ ಸೇರಿಸಿ, ನಾನೂ ಬರೀ ನೆಪಗಳಿಂದ ಬದುಕಲಾರೆ ಅನ್ನುತ್ತಾಳೆ. ಕ್ಯಾಥೊಲಿಕ್ ಊರಿನ ಅಡುಗೆಮನೆಯ ಜಗಳ ಇದು. ಗಾದೆ ಬಂದ ಕೂಡಲೇ ಎದುರಿನವನು ಬಾಯಿ ಮುಚ್ಚಬೇಕು, ಮಜಾ ಇರೋದು ಅದರಲ್ಲಿ. ಇಂಗ್ಲಿಷ್ ಮಾಡಿದ್ದರೆ ಗಾದೆಯ ಜಾಗದಲ್ಲಿ ವಿವರಣೆ ಬಂದು ಕೂರುತ್ತಿತ್ತು. ವಿವರಣೆ ಕೊಟ್ಟು ಯಾರಾದರೂ ಜಗಳ ಗೆದ್ದದ್ದುಂಟಾ?

ಆ ಹಾಡು ಇಂಗ್ಲಿಷ್ ಆಗಲೇ ಇಲ್ಲ. ಹಾಗೇ ಅಮೆರಿಕದ ಹಾಟ್ 100ರಲ್ಲಿ 23ರವರೆಗೆ ಹೋಯಿತು. ಲ್ಯಾಟಿನ್ ಪಟ್ಟಿಯಲ್ಲಿ ಒಟ್ಟು 25 ವಾರ 1ನೇ ಸ್ಥಾನದಲ್ಲಿತ್ತು. ಆಗಸ್ಟ್‌ನಲ್ಲಿ ಮಯಾಮಿಯಲ್ಲಿ ನಡೆದ ಎಂಟಿವಿ ವಿಡಿಯೊ ಮ್ಯೂಸಿಕ್ ಅವಾರ್ಡ್ಸ್ ವೇದಿಕೆಯ ಮೇಲೆ ಆಕೆ ಮತ್ತು ಸಾನ್ಸ್ ಪೂರ್ತಿ ಸ್ಪ್ಯಾನಿಷ್‌ನಲ್ಲೇ ಹಾಡಿದರು. ಆಲ್ಬಮ್ ಬಿಲ್‌ಬೋರ್ಡ್‌ನಲ್ಲಿ ಮೊದಲ ವಾರ 4ನೇ ಸ್ಥಾನ, 1.57 ಲಕ್ಷ ಪ್ರತಿ. ಸ್ಪ್ಯಾನಿಷ್ ಆಲ್ಬಮ್ ಒಂದು ಅಮೆರಿಕದಲ್ಲಿ ಮೊದಲ ವಾರ ಅಷ್ಟು ಮಾರಾಟ ಆಗಿದ್ದು ಅದೇ ಮೊದಲು. ಮುಂದಿನ ವರ್ಷ ಗ್ರ್ಯಾಮಿಯೂ ಬಂತು. ಲ್ಯಾಟಿನ್ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್, ವರ್ಷದ ರೆಕಾರ್ಡ್, ವರ್ಷದ ಹಾಡು, ಮೂರೂ ಇದಕ್ಕೇ.

ಸಣ್ಣ ಮಾತೊಂದು. ಇದೇ ಸ್ಪ್ಯಾನಿಷ್ ಆಲ್ಬಮ್‌ನಲ್ಲಿ ‘ಎಸ್ಕೊಂದೀತೆ ಇಂಗ್ಲೇಸ್’ ಅಂತ ಒಂದು ಹಾಡಿದೆ. ಅದು ಸ್ಪ್ಯಾನಿಷ್ ಮಕ್ಕಳ ಆಟವೊಂದರ ಹೆಸರು. ಪದಕ್ಕೆ ಪದ ಇಟ್ಟರೆ ‘ಇಂಗ್ಲಿಷ್ ಕಣ್ಣಾಮುಚ್ಚಾಲೆ’. ಆಕೆ ಬೇಕಂತಲೇ ಇಟ್ಟರೋ ಏನೋ, ನನಗಂತೂ ನಗು ಬಂತು.

ಇಂಗ್ಲಿಷ್ ಬುಟ್ಟಿ

ಎರಡನೆಯ ಸಂಪುಟ ನವೆಂಬರ್ ಕೊನೆಗೆ ಬಂತು. ಮುಖಪುಟಗಳು ಜೋಡಿಯಾಗೇ ಇದ್ದವು. ಮೊದಲನೆಯದರಲ್ಲಿ ಶಕೀರಾ ಮಗುವನ್ನು ಎತ್ತಿಕೊಂಡ ತಾಯಿ, ಎರಡನೆಯದರಲ್ಲಿ ಮರದ ಕೆಳಗೆ ಸೇಬು ಹಿಡಿದ ಈವ್. ಮಗು ಲೋಕವನ್ನು ಮೊದಲು ಅರಿಯೋದು ಬಾಯಿಂದ ಅನ್ನೋ ಫ್ರಾಯ್ಡ್ ಮಾತು ಒಂದು ಕಡೆ, ಈವ್ ಹಣ್ಣು ಕಚ್ಚಿದ್ದು ಇನ್ನೊಂದು ಕಡೆ. ಎರಡೂ ಬಾಯಿಯ ಕಥೆಯೇ. ಕೆಲವು ಅರಬ್ ದೇಶಗಳಲ್ಲಿ ಈವ್‌ಗೆ ಇನ್ನಷ್ಟು ಎಲೆ ಹೊದಿಸಿ ಮಾರಿದರು.

ಮೊದಲ ವಾರದ ಮಾರಾಟ 1.28 ಲಕ್ಷ, ಸ್ಥಾನ 5. ಕೇಳೋಕೆ ಚೆನ್ನಾಗೇ ಇದೆ. ಆದರೆ ಪಕ್ಕದಲ್ಲಿ ಸ್ಪ್ಯಾನಿಷ್ ಸಂಪುಟದ ಲೆಕ್ಕ ಇಟ್ಟು ನೋಡಿ. ದೊಡ್ಡ ಮಾರುಕಟ್ಟೆಯ ಭಾಷೆ ಅಂತ ಯಾವುದನ್ನು ನಂಬಿದ್ದರೋ ಅದು ಹಿಂದೆ ಬಿತ್ತು. ಆಲ್ಬಮ್‌ನಿಂದ ಮೊದಲು ಬಿಟ್ಟ ಹಾಡು ‘ಡೋಂಟ್ ಬಾದರ್’ ಹಾಟ್ 100ರಲ್ಲಿ 42ರಿಂದ ಮೇಲೆ ಹೋಗಲಿಲ್ಲ. ಅಂದರೆ ಅಮೆರಿಕದಲ್ಲೇ, ಆಕೆಯ ಇಂಗ್ಲಿಷ್ ಹಾಡಿಗಿಂತ ಸ್ಪ್ಯಾನಿಷ್ ಹಾಡು 19 ಮೆಟ್ಟಿಲು ಮೇಲಿತ್ತು.

ಯಾಕೆ ಹೀಗಾಯಿತು? ಇಲ್ಲಿಂದ ನನ್ನ ಊಹೆ. ‘ಡೋಂಟ್ ಬಾದರ್’ ಗಿಟಾರ್ ಜೋರಾಗಿರುವ ರಾಕ್ ಹಾಡು. ಬೇಸಿಗೆಯಿಡೀ ‘ಲಾ ತೋರ್ತುರಾ’ಗೆ ಕುಣಿದವರು ಮತ್ತೆ ಕುಣಿಯೋಕೆ ಕಾಯುತ್ತಿದ್ದರು, ಕೈಗೆ ಸಿಕ್ಕಿದ್ದು ತಲೆ ಅಲ್ಲಾಡಿಸುವ ಹಾಡು. ಹಾಡಿನ ತಪ್ಪಲ್ಲ ಅದು. ಬೇರೆ ಆಲ್ಬಮ್‌ನಲ್ಲಿ, ಬೇರೆ ವರ್ಷದಲ್ಲಿ ಬಂದಿದ್ದರೆ ಓಡುತ್ತಿತ್ತೇನೋ.

ಇನ್ನೊಂದು ಕಾರಣ ನನಗೆ ಇನ್ನೂ ಮುಖ್ಯ ಅನಿಸುತ್ತದೆ. 2001ರ ಆಲ್ಬಮ್‌ನಲ್ಲಿ ಚರಂಗೊ ಅನ್ನೋ ಪುಟ್ಟ ತಂತಿವಾದ್ಯ ಇತ್ತು, ಆಂಡೀಸ್ ಬೆಟ್ಟಗಳ ಕೊಳಲು ಇತ್ತು, ಟ್ಯಾಂಗೊ ಇತ್ತು, ಅರಬ್ಬಿ ಇತ್ತು. ಇಂಗ್ಲಿಷ್ ಮಾತಾಡುತ್ತಿದ್ದರೂ ಅದು ಎಲ್ಲಿಂದ ಬಂದದ್ದು ಅಂತ ಮೊದಲ ಹತ್ತು ಸೆಕೆಂಡಿಗೇ ಗೊತ್ತಾಗುತ್ತಿತ್ತು. 2005ರಲ್ಲಿ ಭಾಷೆಗಳನ್ನು ಬೇರೆ ಮಾಡುವಾಗ ಜೊತೆಗೆ ಊರೂ ಬೇರೆಯಾಯಿತು. ಕುಂಬಿಯಾ ಹೆಚ್ಚಾಗಿ ಒಂದು ಬುಟ್ಟಿಗೆ ಹೋಯಿತು, ರಾಕ್ ಹೆಚ್ಚಾಗಿ ಇನ್ನೊಂದಕ್ಕೆ. ಇಂಗ್ಲಿಷ್ ಸಂಪುಟದ ಒಂದೊಂದೇ ಹಾಡು ಕೇಳಿದರೆ ಗಟ್ಟಿ ಕೆಲಸ. ‘ಇಲ್ಲೀಗಲ್’ನಲ್ಲಿ ಕಾರ್ಲೋಸ್ ಸಂತಾನ ಗಿಟಾರ್ ಇದೆ. ‘ಟಿಮೋರ್’ನಲ್ಲಿ ಸುದ್ದಿ ಚಾನೆಲ್‌ಗಳಿಗೆ, ಅವನ್ನು ನೋಡುತ್ತಾ ಮರೆಯುವ ನಮಗೆ, ಚೆನ್ನಾಗಿ ಚುಚ್ಚಿದ್ದಾರೆ. ಆದರೂ ಒಟ್ಟಿಗೆ ಕೇಳುವಾಗ ಈಕೆ ಬರಾಂಕಿಯಾದವಳು ಅನ್ನೋದು ಮರೆತುಹೋಗುವಷ್ಟು ಜಾಗ ಇದೆ. ಅನುವಾದ ಮಾಡದೇ ಹಾಡು ಉಳಿಸಿದರು. ಸರಿ. ಆದರೆ ಆಕೆ ಮಾತಾಡೋದೇ ಎರಡೂ ಭಾಷೆ ಬೆರೆಸಿ, ಅದು ಎರಡು ಬುಟ್ಟಿಯ ನಡುವೆ ನೆಲಕ್ಕೆ ಬಿತ್ತು.

ನೆಲದ ಮೇಲಿದ್ದ ಹಾಡು

‘ಹಿಪ್ಸ್ ಡೋಂಟ್ ಲೈ’ ಈ 60ರ ಲೆಕ್ಕದಲ್ಲಿ ಇರಲೇ ಇಲ್ಲ. ಅದು ಹೈಟಿ ಮೂಲದ ವೈಕ್ಲೆಫ್ ಜಾನ್ 2004ರಲ್ಲಿ ಒಂದು ಸಿನಿಮಾಗೆ ಮಾಡಿದ್ದ ‘ಡ್ಯಾನ್ಸ್ ಲೈಕ್ ದಿಸ್’ ಹಾಡಿನ ಹೊಸ ಅವತಾರ. ಶುರುವಿನಲ್ಲಿ ಬರುವ ಆ ತುತ್ತೂರಿ ಕೂಡ ಸ್ವಂತದ್ದಲ್ಲ. ಪೋರ್ಟೊರಿಕೊದ ಜೆರ್ರಿ ರಿವೇರಾ ಅವರ 1992ರ ಸಾಲ್ಸಾ ಹಾಡಿನದು. ಅಂದರೆ ಸಾಲ್ಸಾ ಹಾಡಿನ ತುತ್ತೂರಿ, ಹೈಟಿಯವನ ರಾಪ್, ಕೊಲಂಬಿಯಾದವಳ ದನಿ. ಮಾತು ಮುಕ್ಕಾಲು ಇಂಗ್ಲಿಷ್, ನಡುನಡುವೆ ಸ್ಪ್ಯಾನಿಷ್. ಬರಾಂಕಿಯಾದಲ್ಲಿ ಹೀಗೇ ಕುಣಿಯೋದು ಅಂತ ಆಕೆ ಹಾಡಿನ ಮಧ್ಯೆ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾರೆ, ವಿಡಿಯೊದಲ್ಲಿ ಆ ಊರಿನ ಕಾರ್ನಿವಲ್ ವೇಷಗಳು ಬರುತ್ತವೆ. ಆ ಕಾರ್ನಿವಲ್ ಅನ್ನು ಯುನೆಸ್ಕೊ 2003ರಲ್ಲಿ ಗುರುತಿಸಿತ್ತು. ಅದು ಕೊಟ್ಟ ಬಿರುದಿನಲ್ಲೂ ‘ಓರಲ್’ ಅನ್ನೋ ಪದ ಇದೆ, ಮೌಖಿಕ ಪರಂಪರೆ ಅನ್ನೋ ಅರ್ಥದಲ್ಲಿ. ಕಾಕತಾಳೀಯ, ಆದರೂ ಹೇಳದೇ ಇರಲಾಗಲಿಲ್ಲ.

ಇಂಗ್ಲಿಷ್ ಆಲ್ಬಮ್ ಬಂದು ನಾಲ್ಕು ತಿಂಗಳಾಗಿತ್ತು. 2006ರ ಮಾರ್ಚ್‌ನಲ್ಲಿ ಅದನ್ನೇ ಮತ್ತೆ ಬಿಟ್ಟರು, ಈ ಹಾಡನ್ನು ಸೇರಿಸಿ. ಜೊತೆಗೆ ಇನ್ನೊಂದನ್ನೂ ಸೇರಿಸಿದರು. ಯಾವುದು ಗೊತ್ತಾ? ಸ್ಪ್ಯಾನಿಷ್ ಬುಟ್ಟಿಯ ‘ಲಾ ತೋರ್ತುರಾ’. ಅಷ್ಟು ಕಷ್ಟಪಟ್ಟು ಬೇರೆ ಮಾಡಿದ್ದನ್ನು ಕೊನೆಗೆ ತಾವೇ ಬೆರೆಸಿದರು. ಆಲ್ಬಮ್ ಪಟ್ಟಿಯಲ್ಲಿ ಮತ್ತೆ ಮೊದಲ ಹತ್ತರೊಳಗೆ ಬಂತು. ಜೂನ್‌ನಲ್ಲಿ ‘ಹಿಪ್ಸ್ ಡೋಂಟ್ ಲೈ’ ಹಾಟ್ 100ರ 1ನೇ ಸ್ಥಾನಕ್ಕೆ ಹತ್ತಿತು. ಆಕೆಗೆ ಅದು ಮೊದಲ ಸಲ. ಜುಲೈನಲ್ಲಿ ಬರ್ಲಿನ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್‌ಗೆ ಮುಂಚೆ ಅದನ್ನೇ ಹಾಡಿದರು.

ಆ ವರ್ಷ ನಮ್ಮ ಕಾಲೇಜು ಫೆಸ್ಟುಗಳಲ್ಲಿ ಆ ತುತ್ತೂರಿ ಕೇಳದ ಸಂಜೆ ಇರಲಿಲ್ಲ. ಸ್ಟೇಜ್ ಮೇಲೆ ಹತ್ತಿದ ಹುಡುಗಿಯರಿಗೆ ಸ್ಪ್ಯಾನಿಷ್ ಸಾಲು ಬರುತ್ತಿರಲಿಲ್ಲ, ಬಾಯಿಗೆ ಬಂದದ್ದು ಹಾಡಿ ಮುಂದೆ ಹೋಗುತ್ತಿದ್ದರು. ಯಾರಿಗೂ ಅದು ಅಡ್ಡಿಯಾಗಲಿಲ್ಲ. ಆ ಹೊತ್ತಿಗೆ ಹಾಡು ಇನ್ನೊಂದು ತಿರುವು ತೆಗೆದುಕೊಂಡಿತ್ತು. 2006ರ ಎಂಟಿವಿ ಅವಾರ್ಡ್ಸ್‌ನಲ್ಲಿ ಇದಕ್ಕೆ ಕುಣಿತ ಹೇಳಿಕೊಟ್ಟವರು ನಮ್ಮ ಫರಾ ಖಾನ್. ಹಿಂದಿ ಸಿನಿಮಾದ ಕೈ, ಸೊಂಟ, ಉಡುಗೆ ಎಲ್ಲ ನ್ಯೂಯಾರ್ಕ್‌ನ ವೇದಿಕೆಗೆ ಬಂತು. ಮುಂದಿನ ಮಾರ್ಚ್‌ನಲ್ಲಿ ಶಕೀರಾ ಇದೇ ಆಲ್ಬಮ್ ಜೋಡಿಯ ಪ್ರವಾಸದಲ್ಲಿ ಮುಂಬೈಗೆ ಬಂದು ಹಾಡಿದರು.

ಲೆಕ್ಕ ಹಾಕಿದರೆ

ಹಾಡುಗಾರರ ಜೊತೆ ಕೂತಾಗ ಈ ಪ್ರಕರಣ ಆಗಾಗ ಬರುತ್ತದೆ. ‘ನೋಡು, ಇಂಗ್ಲಿಷ್ ಆಲ್ಬಮ್ ಮಾಡಿದ್ದೇ ತಪ್ಪು’ ಅನ್ನುತ್ತಾರೆ ಕೆಲವರು. ಅದು ಸರಿಯಲ್ಲ. ಇಂಗ್ಲಿಷ್ ಸಂಪುಟ ಇಲ್ಲದಿದ್ದರೆ ‘ಹಿಪ್ಸ್ ಡೋಂಟ್ ಲೈ’ ಕೂರೋಕೆ ಜಾಗವೇ ಇರುತ್ತಿರಲಿಲ್ಲ. ‘ಎಲ್ಲವನ್ನೂ ಎರಡೂ ಭಾಷೆಯಲ್ಲಿ ಹಾಡಿದ್ದರೆ ಸಾಕಿತ್ತು’ ಅನ್ನುತ್ತಾರೆ ಇನ್ನು ಕೆಲವರು. ಹಾಗೆ ಮಾಡಿದ್ದರೆ ಮೂಳೆಯ ಗಾದೆಯ ಇಂಗ್ಲಿಷ್ ಅವತಾರ ನಮ್ಮ ತಲೆ ಮೇಲೆ ಬೀಳುತ್ತಿತ್ತು. ನನ್ನ ದೂರು ಚಿಕ್ಕದು. ಹಾಡುಗಳನ್ನು ಭಾಷೆ ನೋಡಿ ವಿಂಗಡಿಸಿದ ಆಕೆ, ವಾದ್ಯ ಮತ್ತು ತಾಳವನ್ನಾದರೂ ಬೆರೆಸಿಯೇ ಬಿಡಬಹುದಿತ್ತು. ಸ್ಪ್ಯಾನಿಷ್ ಆಲ್ಬಮ್ ಮೊದಲು ಬಿಟ್ಟದ್ದಂತೂ ಆ ವರ್ಷದ ಒಳ್ಳೆಯ ತೀರ್ಮಾನ. ಇಂಗ್ಲಿಷ್ ಮೊದಲು ಬಂದು ಎಡವಿದ್ದರೆ ಸ್ಪ್ಯಾನಿಷ್‌ನದು ಅದರ ಬಾಲ ಅನಿಸಿಕೊಳ್ಳುತ್ತಿತ್ತು.

ಶಕೀರಾ ಮತ್ತೆ ಇಂಥ ಜೋಡಿ ಆಲ್ಬಮ್ ಮಾಡಲಿಲ್ಲ. 2009ರ ‘ಶಿ ವುಲ್ಫ್’ಗೆ ‘ಲೋಬಾ’ ಅಂತ ಸ್ಪ್ಯಾನಿಷ್ ಜೋಡಿ ಬಂತು, ಆದರೆ ಅದು ಹಾಡಿನ ಜೋಡಿ. 2017ರ ‘ಎಲ್ ದೊರಾದೊ’ದಲ್ಲಿ ಸ್ಪ್ಯಾನಿಷ್ ಜಾಸ್ತಿ, ಇಂಗ್ಲಿಷ್ ಅಲ್ಲಲ್ಲಿ, ಎರಡೂ ಒಂದೇ ತಟ್ಟೆಯಲ್ಲಿ. ಅದೇ ವರ್ಷ ಪೋರ್ಟೊರಿಕೊದ ಲೂಯಿಸ್ ಫೊನ್ಸಿಯ ‘ದೆಸ್ಪಸೀತೊ’ 16 ವಾರ ಹಾಟ್ 100ರ ತುದಿಯಲ್ಲಿ ಕೂತಿತ್ತು. ಅದು ಸ್ಪ್ಯಾನಿಷ್ ಹಾಡು. ತಲೆಗೆ ಸ್ವಲ್ಪ ಇಂಗ್ಲಿಷ್ ಮೆತ್ತಿದ್ದರು, ಅಷ್ಟೇ. 2024ರ ಮಾರ್ಚ್‌ನಲ್ಲಿ ಬಂದ ಶಕೀರಾ ಆಲ್ಬಮ್‌ನ ಹೆಸರಿಗೆ ‘ಹೆಂಗಸರು ಈಗ ಅಳೋದಿಲ್ಲ’ ಅಂತ ಅರ್ಥ. ಹೆಚ್ಚುಕಡಿಮೆ ಪೂರ್ತಿ ಸ್ಪ್ಯಾನಿಷ್. ಅದಕ್ಕೂ ಗ್ರ್ಯಾಮಿ ಬಂತು. ಇಂಗ್ಲಿಷ್ ಸಂಪುಟ ಯಾವಾಗ ಅಂತ ಈ ಸಲ ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.